ಮೂಲವ್ಯಾಧಿ: ಮುಲಾಮಿಗೆ ಮೊದಲು ಮಾಡಬೇಕಾದದ್ದು

ಮಲದ ಜೊತೆ ರಕ್ತ ಕಂಡರೆ ಯಾರಿಗೂ ಹೇಳದೆ ಮೆಡಿಕಲ್ ಶಾಪಿನಿಂದ ಮುಲಾಮು ತಂದು ಹಚ್ಚಿಕೊಳ್ಳುವವರೇ ಹೆಚ್ಚು. ಮುಲಾಮಿನಿಂದ ಉರಿ ತಗ್ಗೀತು, ಕಾರಣ ಹೋಗದು. ಗುದದ್ವಾರದ ಒಳಗೆ ರಕ್ತನಾಳ ತುಂಬಿದ ಮೆತ್ತೆಗಳು ಎಲ್ಲರಿಗೂ ಇರುತ್ತವೆ. ಗಟ್ಟಿ ಮಲವನ್ನು ತಿಣುಕಿ ತಿಣುಕಿ ಹೊರಹಾಕುವಾಗ ಅವು ಊದಿ ಕೆಳಗೆ ಜಾರುತ್ತವೆ, ಅದೇ ಮೂಲವ್ಯಾಧಿ. ಆದ್ದರಿಂದ ಚಿಕಿತ್ಸೆ ಶುರುವಾಗಬೇಕಾದದ್ದು ಮಲ ಮೆತ್ತಗಾಗುವುದರಿಂದ.

ಅದಕ್ಕೂ ಮುಂಚೆ, ಇದು ಮೂಲವ್ಯಾಧಿಯೇ ಎಂದು ಖಚಿತವಾಗಲಿ. ನೋವಿಲ್ಲದೆ ಕೆಂಪು ರಕ್ತ ತೊಟ್ಟಿಕ್ಕಿದರೆ ಒಳಗಿನ ಮೂಲವ್ಯಾಧಿ ಇರಬಹುದು. ಬ್ಲೇಡಿನಿಂದ ಸೀಳಿದಂಥ ನೋವಿದ್ದರೆ ಅದು ಸಾಮಾನ್ಯವಾಗಿ ಫಿಶರ್, ಅಂದರೆ ಗುದದ್ವಾರದ ಸೀಳುಗಾಯ. ಕೀವು ಸೋರುತ್ತಿದ್ದರೆ ಭಗಂದರ, ಅಂದರೆ ಗುದದ ಒಳಗಿನಿಂದ ಹೊರಚರ್ಮಕ್ಕೆ ತೂತು ಬಿದ್ದಿರುವುದು (ಫಿಸ್ಟುಲಾ). ಮಲ ಕಪ್ಪಾಗಿದ್ದರೆ, ತೂಕ ಇಳಿಯುತ್ತಿದ್ದರೆ, ಮಲವಿಸರ್ಜನೆಯ ರೂಢಿ ಬದಲಾಗಿದ್ದರೆ, ಸುಸ್ತು, ಬಿಳಿಚಿಕೊಳ್ಳುವಿಕೆ ಇದ್ದರೆ, ಅಥವಾ ವಯಸ್ಸು 45 ದಾಟಿದ್ದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಕರುಳಿನ ಕ್ಯಾನ್ಸರಿನಲ್ಲೂ ರಕ್ತವೇ ಕಾಣಿಸುವುದು.

ಇಸಬ್ಗೋಲ್: ತಪ್ಪುವುದು ನೀರಿನಲ್ಲಿ

ಮಲ ಮೆತ್ತಗೆ ಮಾಡುವ ನಾರು ಇಸಬ್ಗೋಲ್. ಅದರ ಹೊಟ್ಟನ್ನು ಒಂದು ಟೀ ಚಮಚದಷ್ಟು ಒಂದು ದೊಡ್ಡ ಲೋಟ, ಅಂದರೆ ಸುಮಾರು 250 ಮಿಲಿ ನೀರಿಗೆ ಹಾಕಿ ಕಲಕಿ, ಗಂಜಿಯಂತೆ ಗಟ್ಟಿಯಾಗುವ ಮೊದಲೇ ಕುಡಿಯಿರಿ. ಹಿಂದೆಯೇ ಇನ್ನೊಂದು ಲೋಟ ನೀರು. ಒಂದು ವಾರದ ಮೇಲೆ ಎರಡು ಚಮಚಕ್ಕೆ ಏರಿಸಿ. ಮೊದಲ ದಿನವೇ ಹೆಚ್ಚು ತೆಗೆದುಕೊಂಡರೆ ಹೊಟ್ಟೆ ಉಬ್ಬರಿಸುತ್ತದೆ, ಜನ ಬಿಟ್ಟೇ ಬಿಡುತ್ತಾರೆ. ಒಣ ಹೊಟ್ಟನ್ನು ಬಾಯಿಗೆ ಹಾಕಿಕೊಳ್ಳುವುದಂತೂ ಅಪಾಯ, ಗಂಟಲಲ್ಲೇ ಊದಿ ಸಿಕ್ಕಿಕೊಳ್ಳಬಹುದು. ನೀರು ಕಡಿಮೆಯಾದರೆ ಮಲ ಇನ್ನಷ್ಟು ಗಟ್ಟಿಯಾಗುತ್ತದೆ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಹೃದಯ, ಕಿಡ್ನಿ ತೊಂದರೆಯಿಂದ ನೀರಿಗೆ ಮಿತಿ ಇರುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಇದು ಭೇದಿ ಮಾತ್ರೆಯಲ್ಲ. ಗುಣ ಕಾಣಲು ಮೂರು ದಿನ ಬೇಕಾಗಬಹುದು, ರಕ್ತ ನಿಲ್ಲಲು ಕೆಲವು ವಾರಗಳೇ ಬೇಕಾಗಬಹುದು.

ಊಟದಲ್ಲಿ ದಿನಕ್ಕೆ 25ರಿಂದ 30 ಗ್ರಾಂ ನಾರು ಸೇರಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆ, ಬಸ್ಸಾರಿನ ಸೊಪ್ಪು ಕಾಳು, ಒಂದು ಸೀಬೆಹಣ್ಣು ಇದ್ದರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಮೂಲವ್ಯಾಧಿಗೆ ಸುವರ್ಣಗೆಡ್ಡೆ ಎನ್ನುವ ಹಳೆಯ ಮಾತಿದೆ, ಸಂಸ್ಕೃತದಲ್ಲಿ ಅದರ ಹೆಸರೇ ಅರ್ಶೋಘ್ನ, ಅಂದರೆ ಮೂಲವ್ಯಾಧಿಯನ್ನು ಕಳೆಯುವಂಥದ್ದು. ಪಲ್ಯ ಮಾಡಿ ಧಾರಾಳವಾಗಿ ತಿನ್ನಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಕಕ್ಕಸಿನಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ, ಮೊಬೈಲ್ ಹೊರಗಿರಲಿ. ಕಮೋಡ್ ಆದರೆ ಕಾಲ ಕೆಳಗೊಂದು ಮಣೆಯೋ ಗಿಡ್ಡ ಸ್ಟೂಲೋ ಇಟ್ಟು ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ ಕೂತರೆ ತಿಣುಕುವುದು ತಪ್ಪುತ್ತದೆ. ಒತ್ತಡ ಬಂದಾಗ ತಡೆಹಿಡಿಯಬೇಡಿ.

ನೋವಿದ್ದಾಗ

ಅಗಲವಾದ ಬೇಸಿನ್ನಿನಲ್ಲಿ ಸೊಂಟ ಮುಳುಗುವಷ್ಟು ಬೆಚ್ಚಗಿನ ನೀರು ಹಾಕಿ 10ರಿಂದ 15 ನಿಮಿಷ ಕೂರಿ. ದಿನಕ್ಕೆ ಎರಡು ಮೂರು ಬಾರಿ, ಒಂದು ಸಲವಾದರೂ ಮಲವಿಸರ್ಜನೆ ಆದ ಕೂಡಲೇ. ಮೊಣಕೈಗೆ ಹಿತವಾಗುವಷ್ಟು ಬಿಸಿ ಸಾಕು. ಡೆಟಾಲ್ ಹಾಕಬೇಡಿ, ಚರ್ಮ ಉರಿಯುತ್ತದೆ. ಆಮೇಲೆ ಉಜ್ಜದೆ ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ. ನೋವು ಮರಗಟ್ಟಿಸುವ ಲಿಗ್ನೊಕೇನ್ ಇರುವ ಮುಲಾಮನ್ನು ಈಗ ಹಚ್ಚಬಹುದು. ಸ್ಟೀರಾಯ್ಡ್ ಇರುವ ಮುಲಾಮು ಏಳು ದಿನಕ್ಕಿಂತ ಹೆಚ್ಚು ಬೇಡ, ಚರ್ಮ ತೆಳುವಾಗುತ್ತದೆ.

ಇದ್ದಕ್ಕಿದ್ದಂತೆ ನೀಲಿಬಣ್ಣದ ಗಟ್ಟಿ ಗಂಟು ಎದ್ದು ಕೂರಲಾಗದಷ್ಟು ನೋವಾದರೆ ಒಳಗೆ ರಕ್ತ ಹೆಪ್ಪುಗಟ್ಟಿದೆ ಎಂದರ್ಥ. ಮೊದಲ 72 ಗಂಟೆಯೊಳಗೆ ಹೋದರೆ ಸರ್ಜನ್ ಅದನ್ನು ಮರಗಟ್ಟಿಸಿ ತೆಗೆಯಬಲ್ಲರು. ಆ ಅವಧಿ ಕಳೆದರೆ ಸಾಮಾನ್ಯವಾಗಿ ನೋವು ತಾನೇ ಇಳಿಯತೊಡಗುತ್ತದೆ. ಮನೆಯಲ್ಲಿ ಸೂಜಿಯಿಂದ ಚುಚ್ಚಬೇಡಿ.

ಆಸ್ಪತ್ರೆಯಲ್ಲಿ

ಮೆತ್ತೆ ಹೊರಬರದೆ ರಕ್ತ ಮಾತ್ರ ಬಂದರೆ ಒಂದನೇ ಹಂತ, ಹೊರಬಂದು ತಾನೇ ಒಳಹೋದರೆ ಎರಡನೆಯದು, ಬೆರಳಿನಿಂದ ತಳ್ಳಬೇಕಾದರೆ ಮೂರು, ತಳ್ಳಿದರೂ ಹೋಗದಿದ್ದರೆ ನಾಲ್ಕು. ಮೇಲೆ ಹೇಳಿದ್ದಕ್ಕೆ ಬಗ್ಗದ ಮೊದಲ ಮೂರು ಹಂತಗಳಿಗೆ ರಬ್ಬರ್ ಬ್ಯಾಂಡ್ ಹಾಕುವುದುಂಟು, ಮೆತ್ತೆಯ ಬುಡಕ್ಕೆ ಬಿಗಿದ ಬ್ಯಾಂಡ್ ರಕ್ತದ ಹರಿವು ನಿಲ್ಲಿಸಿ ಅದನ್ನು ಉದುರಿಸುತ್ತದೆ. ನೋವಿನ ನರಗಳಿಲ್ಲದ ಮೇಲ್ಭಾಗದಲ್ಲಿ ಹಾಕುವುದರಿಂದ ಅರಿವಳಿಕೆ ಬೇಕಿಲ್ಲ. ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ನಾಲ್ಕನೇ ಹಂತಕ್ಕೆ, ಮೂರರಲ್ಲಿ ಕೆಲವರಿಗೆ, ಶಸ್ತ್ರಚಿಕಿತ್ಸೆಯೇ ದಾರಿ. ಕತ್ತರಿಸಿ ತೆಗೆಯುವ ಹಳೆಯ ವಿಧಾನದಲ್ಲಿ ನೋವು ಹೆಚ್ಚು, ಮರುಕಳಿಸುವುದು ಕಡಿಮೆ. ಜಾರಿದ ಮೆತ್ತೆಯನ್ನು ಮೇಲೆಳೆದು ಪಿನ್ ಹೊಡೆಯುವ ಸ್ಟೇಪ್ಲರ್ ವಿಧಾನದಲ್ಲಿ ಇದು ತಿರುಗುಮುರುಗು.

'ಒಂದೇ ಇಂಜೆಕ್ಷನ್, ಆಪರೇಷನ್ ಬೇಡ' ಎಂಬ ಬೋರ್ಡಿನ ಅಂಗಡಿಗಳಿಗೆ ದಯವಿಟ್ಟು ಹೋಗಬೇಡಿ. ಪದವಿಯಿಲ್ಲದವರು ಚುಚ್ಚುವ ಸುಡುವ ದ್ರಾವಣದಿಂದ ಗುದದ್ವಾರ ಕೊಳೆತು, ಗಾಯ ಮಾಗಿ, ಮಲ ಹೋಗಲಾರದಷ್ಟು ಕಿರಿದಾದ ಉದಾಹರಣೆಗಳಿವೆ.

ಬ್ಯಾಂಡ್ ಹಾಕಿಸಿಕೊಂಡ ಮೇಲೆ ಒಂದೆರಡು ದಿನ ಒಳಗೆ ಭಾರವೆನಿಸುತ್ತದೆ. ಐದರಿಂದ ಹತ್ತು ದಿನದೊಳಗೆ ಬ್ಯಾಂಡ್ ಉದುರುವಾಗ ಸ್ವಲ್ಪ ರಕ್ತ ಕಾಣುವುದು ಸಹಜ. ಜ್ವರ, ಏರುತ್ತಲೇ ಇರುವ ನೋವು, ಮೂತ್ರ ಕಟ್ಟುವುದು ಸಹಜವಲ್ಲ. ಅಪರೂಪವಾದರೂ ಅದು ಸೋಂಕು ಹರಡಿದ ಸೂಚನೆ, ಬೆಳಗಾಗಲೆಂದು ಕಾಯದೆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.