ಮದ್ರಾಸು ಕಾಲದ ಮಾಸ್ತರರ ಟ್ರೇನಿಂಗ್ ಸರ್ಟಿಫಿಕೇಟ್ ಓದುವ ಬಗೆ

1956ರವರೆಗೆ ಮದ್ರಾಸಿಗೆ ಸೇರಿದ್ದ ಕಾಸರಗೋಡಿನ ಕನ್ನಡ ಶಾಲೆಗಳ ಶತಮಾನೋತ್ಸವಕ್ಕೆ ಸ್ಮರಣ ಸಂಚಿಕೆ ತರುವಾಗ ಹಳೆಯ ಮಾಸ್ತರರ ವಿವರ ಬೇಕೇ ಬೇಕು. ಮನೆಯವರು ಅಟ್ಟದ ಪೆಟ್ಟಿಗೆಯಿಂದ ಸರ್ಟಿಫಿಕೇಟ್ ಹುಡುಕಿ ಕೊಟ್ಟರೆ ಎಲ್ಲರ ಕಣ್ಣು ನೇರ ಇಸವಿಗೆ ಹೋಗುತ್ತದೆ. ಮೊದಲು ನೋಡಬೇಕಾದ್ದು ಗ್ರೇಡು, ಅಂದರೆ ತರಬೇತಿಯ ದರ್ಜೆ.

ಮದ್ರಾಸು ಶಿಕ್ಷಣ ಇಲಾಖೆಯ ತರಬೇತಿಗೆ ಮೆಟ್ಟಿಲುಗಳಿದ್ದವು. ಎಂಟನೇ ತರಗತಿ, ಅಂದರೆ ಮೂರನೇ ಫಾರಂ ಅಥವಾ ಇ.ಎಸ್.ಎಲ್.ಸಿ. (ಎಲಿಮೆಂಟರಿ ಸ್ಕೂಲ್ ಲೀವಿಂಗ್ ಸರ್ಟಿಫಿಕೇಟ್) ಮುಗಿಸಿದವರಿಗೆ ಹೈಯರ್ ಎಲಿಮೆಂಟರಿ ಗ್ರೇಡ್. ಎಸ್ಸೆಸ್ಸೆಲ್ಸಿ ಆದವರಿಗೆ ಸೆಕೆಂಡರಿ ಗ್ರೇಡ್. ಪದವೀಧರರಿಗೆ ಎಲ್.ಟಿ. (ಲೈಸೆನ್ಷಿಯೇಟ್ ಇನ್ ಟೀಚಿಂಗ್); ಅದಕ್ಕೆ ಹೆಸರಾದದ್ದು 1856ರಲ್ಲಿ ನಾರ್ಮಲ್ ಸ್ಕೂಲಾಗಿ, ಅಂದರೆ ಮಾಸ್ತರರ ತರಬೇತಿ ಶಾಲೆಯಾಗಿ, ಶುರುವಾದ ಮದ್ರಾಸಿನ ಸೈದಾಪೇಟೆಯ ಕಾಲೇಜು. ಇಲ್ಲಿ ಎರಡು ಎಡವಟ್ಟು ಮತ್ತೆ ಮತ್ತೆ ಆಗುತ್ತವೆ. ‘ಸೆಕೆಂಡರಿ’ ಎಂದು ಕಂಡ ಕೂಡಲೇ ಹೈಸ್ಕೂಲ್ ಮಾಸ್ತರರು ಎಂದು ಬರೆದುಬಿಡುತ್ತಾರೆ. ಸೆಕೆಂಡರಿ ಗ್ರೇಡಿನವರು ಪ್ರಾಥಮಿಕ ಶಾಲೆಯಲ್ಲೇ ನಿವೃತ್ತರಾದದ್ದೂ ಉಂಟು. ಇನ್ನೊಂದು, ಹೈಯರ್ ಎಲಿಮೆಂಟರಿ ಎಂಬುದು ಶಾಲೆಯ ದರ್ಜೆಯೂ ಹೌದು, ಮಾಸ್ತರರ ಗ್ರೇಡೂ ಹೌದು. ಅದರ ಮುಂದೆ ‘ಸ್ಕೂಲ್’ ಇದೆಯೋ ‘ಗ್ರೇಡ್’ ಇದೆಯೋ ನೋಡದೆ ಬರೆಯಬೇಡಿ. ಟಿ.ಎಸ್.ಎಲ್.ಸಿ. ಎಂದಿದ್ದರೆ ಅದು ಟ್ರೇನಿಂಗ್ ಸ್ಕೂಲ್ ಲೀವಿಂಗ್ ಸರ್ಟಿಫಿಕೇಟ್; ಅದನ್ನು ತಿದ್ದಿ ಟಿ.ಟಿ.ಸಿ. (ಟೀಚರ್ಸ್ ಟ್ರೇನಿಂಗ್ ಸರ್ಟಿಫಿಕೇಟ್) ಮಾಡುವುದು ಬೇಡ.

ಇನ್ನು ಇಸವಿ. ಬರಹದ ಪರೀಕ್ಷೆ ಬೇರೆ, ತರಗತಿಯಲ್ಲಿ ಪಾಠ ಮಾಡಿ ತೋರಿಸುವ ಪರೀಕ್ಷೆ ಬೇರೆ. ಸರ್ಟಿಫಿಕೇಟ್ ಕೊಟ್ಟ ತಾರೀಕು ಮತ್ತೂ ಬೇರೆ ಇರಬಹುದು. ಕಂಡ ತಾರೀಕುಗಳನ್ನೆಲ್ಲ ಯಾವುದರದ್ದು ಎಂದು ನಮೂದಿಸಿ ಬರೆದುಕೊಳ್ಳಿ. ಇವುಗಳಲ್ಲಿ ಯಾವುದನ್ನೂ ಕೆಲಸಕ್ಕೆ ಸೇರಿದ ದಿನ ಎಂದು ತಿಳಿಯಬಾರದು. ಟ್ರೇನಿಂಗ್ ಇಲ್ಲದೆಯೇ ಸೇರಿ, ಕೆಲವು ವರ್ಷ ಕಲಿಸಿದ ಮೇಲೆ ಟ್ರೇನಿಂಗಿಗೆ ಹೋದವರು ಆಗ ಧಾರಾಳ.

ತಾರೀಕು ಅಳಿಸಿಹೋಗಿದ್ದರೆ ಬೇರೆ ಗುರುತು ಹಿಡಿಯಬೇಕು. ಜೊತೆಯ ಕಾಗದಗಳಲ್ಲಿ ತಾಲೂಕು ಬೋರ್ಡಿನ ಮೊಹರು ಇದ್ದರೆ ಆ ಕಾಗದ 1934ಕ್ಕಿಂತ ಈಚಿನದ್ದಾಗುವುದು ಕಷ್ಟ. ಆ ವರ್ಷ ತಾಲೂಕು ಬೋರ್ಡುಗಳನ್ನು ರದ್ದು ಮಾಡಿ ಶಾಲೆಗಳನ್ನು ಜಿಲ್ಲಾ ಬೋರ್ಡಿಗೆ ಒಪ್ಪಿಸಿದರು. ಕೇರಳದ ಮೊಹರು 1956ರ ನವೆಂಬರ್ 1ರ ಆಚೆಯದು. ಊರಿನ ಹೆಸರಲ್ಲೂ ಎಚ್ಚರ ಬೇಕು: ನೀಲೇಶ್ವರದವರ ಕಾಗದದಲ್ಲಿ ‘ಕಾಸರಗೋಡು ತಾಲೂಕು, ದಕ್ಷಿಣ ಕನ್ನಡ’ ಎಂದಿದ್ದರೆ ತಪ್ಪಲ್ಲ. ನೀಲೇಶ್ವರ ಈಗ ಇರುವ ಹೊಸದುರ್ಗ ತಾಲೂಕು ಆಮೇಲೆ ಆದದ್ದು, ಕಾಸರಗೋಡು ಜಿಲ್ಲೆಯಂತೂ 1984ರದ್ದು.

ಒತ್ತುಮೊಹರು, ಅಂದರೆ ಶಾಯಿಯಿಲ್ಲದೆ ಕಾಗದವನ್ನೇ ಉಬ್ಬಿಸಿದ ಮುದ್ರೆ, ಝೆರಾಕ್ಸಿನಲ್ಲಿ ಬರುವುದಿಲ್ಲ. ಕೋಣೆ ಕತ್ತಲು ಮಾಡಿ, ಕಾಗದವನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು, ಟಾರ್ಚನ್ನು ಮೇಜಿನ ಮಟ್ಟಕ್ಕೆ ಅಡ್ಡ ಹಿಡಿಯಿರಿ. ಅಕ್ಷರಗಳ ನೆರಳು ಒಂದು ಬದಿಗೆ ಬೀಳುತ್ತದೆ, ಮುದ್ರೆ ಸುಲಭವಾಗಿ ಓದಲು ಸಿಗುತ್ತದೆ. ಟಾರ್ಚನ್ನು ನಾಲ್ಕೂ ಬದಿಯಿಂದ ಹಿಡಿದು ಫೋಟೋ ತೆಗೆಯಿರಿ; ಫ್ಲಾಶ್ ಹಾಕಿದರೆ ಎಲ್ಲ ಬೆಳ್ಳಗಾಗುತ್ತದೆ. ಹಿಂಬದಿಯ ಫೋಟೋವನ್ನೂ ಮರೆಯಬೇಡಿ, ಸಣ್ಣ ಟಿಪ್ಪಣಿಗಳು ಅಲ್ಲೇ ಇರುವುದು. ಹರಿದಲ್ಲಿ ಸೆಲ್ಲೋಟೇಪು ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷದಲ್ಲಿ ಕಾಗದವನ್ನು ಕಂದು ಮಾಡುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಬಿಸಿಗೆ ಒತ್ತುಮೊಹರು ಚಪ್ಪಟೆಯಾಗಿ ಹೋಗುತ್ತದೆ, ಮತ್ತೆ ಬಿಡಿಸಲಿಕ್ಕೂ ಆಗುವುದಿಲ್ಲ.

ನಂತರ ಶಾಲೆಗೆ ಹೋಗಿ. ಹಾಜರಿ ಪುಸ್ತಕ, ಸಂಬಳದ ರಿಜಿಸ್ಟರ್, ಇನ್‌ಸ್ಪೆಕ್ಟರರು ಬರೆದ ವಿಸಿಟ್ ಬುಕ್ ಈ ಮೂರರಲ್ಲಿ ಏನು ಉಳಿದಿದೆಯೋ ಅದನ್ನು ಸರ್ಟಿಫಿಕೇಟಿನ ಜೊತೆ ತಾಳೆ ನೋಡಿ. ಐಡೆಡ್ (ಅನುದಾನಿತ ಖಾಸಗಿ) ಶಾಲೆಯಾದರೆ ಮ್ಯಾನೇಜರರ ಮನೆಯಲ್ಲೂ ಕೇಳಿ. ಹೆಸರು ಒಂದೊಂದು ಕಡೆ ಒಂದೊಂದು ರೀತಿ ಇರುತ್ತದೆ: ಒಂದರಲ್ಲಿ ಮನೆತನದ ಹೆಸರು ಮುಂದೆ, ಇನ್ನೊಂದರಲ್ಲಿ ಬರೇ ಇನಿಶಿಯಲ್. ಹೆಸರು ಹೊಂದಿದರೆ ಸಾಲದು. ತಂದೆಯ ಹೆಸರು, ಜನನ ತಾರೀಕುಗಳಲ್ಲಿ ಒಂದಾದರೂ ಹೊಂದಬೇಕು. ಅಜ್ಜ, ಮೊಮ್ಮಗ ಒಂದೇ ಹೆಸರಿನವರಾಗಿ ಒಂದೇ ಶಾಲೆಯಲ್ಲಿ ಕಲಿಸಿದ್ದೂ ಇರಬಹುದು.

ಸರ್ಟಿಫಿಕೇಟೇ ಕಳೆದುಹೋಗಿದ್ದರೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು. ಅಲ್ಲಿ ಮದ್ರಾಸು ಸರ್ಕಾರದ ರಾಜ್ಯಪತ್ರವಾಗಿದ್ದ ಫೋರ್ಟ್ ಸೇಂಟ್ ಜಾರ್ಜ್ ಗೆಜೆಟಿನ ಹಳೆಯ ಸಂಪುಟಗಳಲ್ಲಿ ಪರೀಕ್ಷೆಯ ಫಲಿತಾಂಶ ಹುಡುಕಿ. ಗ್ರೇಡು ಮತ್ತು ಹೆಚ್ಚೆಂದರೆ ಎರಡು ಮೂರು ವರ್ಷಗಳ ಅಂದಾಜು ಕೈಯಲ್ಲಿಲ್ಲದೆ ರೈಲು ಹತ್ತಬೇಡಿ.