ಕನ್ನಡ ಆಡುವ ಬಾಯಿಗೊಂಬೆ ಮಾಡಿದ ನನ್ನ ಅನುಭವ

ಅಮೆರಿಕದ ಗೊಂಬೆಯಾಟಗಾರ ಜಿಮ್ ಹೆನ್ಸನ್ ಅವರ ಮಪೆಟ್ ಎಂಬ ಬಾಯಿಗೊಂಬೆಗಳನ್ನು, ಅಂದರೆ ಒಳಗೆ ಕೈ ಹಾಕಿ ಬಾಯಿ ಆಡಿಸುವ ಗೊಂಬೆಗಳನ್ನು ಮೆಚ್ಚುವ ನಾವು ಕೆಲವರು ಬಸವನಗುಡಿಯಲ್ಲಿ ಸೇರಿದಾಗಲೆಲ್ಲ ಮಾತು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. 1990ರ ಮೇ 16ರಂದು, 53ನೆಯ ವಯಸ್ಸಿನಲ್ಲಿ ಹೆನ್ಸನ್ ತೀರಿಕೊಂಡ ಬಳಿಕ ಮೊದಲು ಸ್ಟೀವ್ ವಿಟ್‌ಮೈರ್, 2017ರಿಂದ ಮ್ಯಾಟ್ ವೋಗೆಲ್ ಧ್ವನಿ ಕೊಟ್ಟು ಆಡಿಸುತ್ತ ಬಂದಿರುವ, ಮಪೆಟ್‌ಗಳಲ್ಲೊಂದಾದ ಕರ್ಮಿಟ್ ಕಪ್ಪೆಯನ್ನು ಅದೇ ಕರ್ಮಿಟ್ ಎನ್ನಬಹುದೇ? ಈ ವಾದವೆಲ್ಲ ಧ್ವನಿಯ ಸುತ್ತಲೇ ನಡೆಯುತ್ತದೆ. ಗೊಂಬೆಯೊಳಗೆ ಕೈ ಹಾಕಿ ಆಡಿಸಿದ ಮೇಲೆ ನನಗನ್ನಿಸಿದ್ದು ಬೇರೆ: ಹೆನ್ಸನ್ ಬಿಟ್ಟುಹೋದ ಆಸ್ತಿಯಲ್ಲಿ ಧ್ವನಿಗಿಂತ ಕೈಯ ಪಾಠವೇ ದೊಡ್ಡದು.

ಆ ಪಾಠ ಕಲಿಯಲು ದುಬಾರಿ ಸಾಮಾನೇನೂ ಬೇಕಿಲ್ಲ. 1955ರಲ್ಲಿ ವಾಷಿಂಗ್ಟನ್ನಿನ ಟಿವಿ ಕೇಂದ್ರವೊಂದರ ಪುಟ್ಟ ಕಾರ್ಯಕ್ರಮಕ್ಕಾಗಿ ಹೆನ್ಸನ್ ಮೊದಲ ಕರ್ಮಿಟ್ಟನ್ನು ಹೊಲಿದದ್ದು ತಾಯಿಯ ಹಳೆಯ ಕೋಟಿನ ಬಟ್ಟೆಯಿಂದ. ಕಣ್ಣಿಗೆ ಇಟ್ಟದ್ದು ಎರಡು ಹೋಳು ಮಾಡಿದ ಟೇಬಲ್ ಟೆನಿಸ್ ಚೆಂಡು. ನಾನು ತಲೆಗೆ ಬೇಕಾದ ಅರ್ಧ ಇಂಚಿನ ಫೋಮನ್ನು ಜೆ.ಸಿ. ರಸ್ತೆಯ ಕಾರ್ ಸೀಟ್ ಕವರಿನ ಅಂಗಡಿಯಿಂದಲೂ, ಮೇಲೆ ಹೊದಿಸುವ ಫ್ಲೀಸ್ ಬಟ್ಟೆಯನ್ನು ಚಿಕ್ಕಪೇಟೆಯಿಂದಲೂ ತಂದೆ. ಫೋಮ್ ಅಂಟಿಸಲು ಬಡಗಿಗಳು ಮೈಕಾ ಶೀಟಿಗೆ ಬಳಸುವ ರಬ್ಬರ್ ಅಂಟೇ ಸರಿ: ಎರಡೂ ಅಂಚಿಗೆ ತೆಳ್ಳಗೆ ಸವರಿ, ಬೆರಳಿಗೆ ಹತ್ತದಷ್ಟು ಒಣಗಲು ಬಿಟ್ಟು, ಆಮೇಲೆ ಒತ್ತಿದರೆ ಮತ್ತೆ ಬಿಡುವುದಿಲ್ಲ. ಕೈ ಆಡಿಸುವ ಕಡ್ಡಿಗೆ ಸೈಕಲ್ಲಿನ ಹಳೆಯ ಕಡ್ಡಿಗಳು ಸಾಕಾದವು.

ಕಣ್ಣಿನ ವಿಷಯದಲ್ಲಿ ಆತುರ ಕೂಡದು. ಹೆನ್ಸನ್ ಅವರ ಬಳಿ ಗೊಂಬೆಗಳನ್ನು ಕಟ್ಟುತ್ತಿದ್ದ ಡಾನ್ ಸಾಹ್ಲಿನ್, ಕಣ್ಣು ಮತ್ತು ಮೂಗು ಕೂಡಿ ಆಗುವ ತ್ರಿಕೋನಕ್ಕೆ ಬಹಳ ಮಹತ್ವ ಕೊಡುತ್ತಿದ್ದರು. ಪಾಪೆಗಳನ್ನು ತುಸು ಒಳಮುಖವಾಗಿ ಅಂಟಿಸಿದಾಗ ಗೊಂಬೆ ಎದುರಿಗಿರುವವರನ್ನೇ ನೋಡುವಂತೆ ಕಾಣುತ್ತದೆ; ನಟ್ಟನಡುವೆ ಅಂಟಿಸಿದರೆ ಎತ್ತಲೂ ನೋಡದ ಶೂನ್ಯದೃಷ್ಟಿ. ಕಪ್ಪು ಕಾಗದದ ಚುಕ್ಕೆಗಳನ್ನು ಗುಂಡುಪಿನ್ನಿನಿಂದ ಚುಚ್ಚಿ, ಆಚೀಚೆ ಸರಿಸುತ್ತ, ದೂರ ನಿಂತು ನೋಡಿ ಖಾತ್ರಿಯಾದ ಮೇಲಷ್ಟೇ ನಾನು ಅಂಟಿಸಿದೆ.

ನಿಜವಾದ ಕೆಲಸವಿರುವುದು ಬಾಯಿಯಲ್ಲಿ. ನಾಲ್ಕು ಬೆರಳು ಮೇಲ್ದವಡೆಯಲ್ಲಿ, ಹೆಬ್ಬೆರಳು ಕೆಳದವಡೆಯಲ್ಲಿ ಇರುತ್ತವೆ. ಬಾಯಿ ತೆರೆಯಲು ಹೆಬ್ಬೆರಳನ್ನು ಇಳಿಸಬೇಕೇ ಹೊರತು ಮೇಲಿನ ಬೆರಳುಗಳನ್ನು ಎತ್ತಬಾರದು; ಎತ್ತಿದರೆ ಪ್ರತಿ ಅಕ್ಷರಕ್ಕೂ ತಲೆ ಹಿಂದಕ್ಕೆ ವಾಲಿ, ನೋಟ ಸೂರಿಗೆ ಹೋಗುತ್ತದೆ. ಅಕ್ಷರಕ್ಕೊಂದು ಸಲ ಬಾಯಿ ತೆರೆಯಬೇಕೆಂದು ಇಂಗ್ಲಿಷಿನಲ್ಲಿ ಆಡಿಸುವವರು ಹೇಳಿಕೊಡುತ್ತಾರೆ. ಕನ್ನಡದ ಮಟ್ಟಿಗೆ ಇದನ್ನು ಹಾಗೆಯೇ ಪಾಲಿಸುವುದು ನನ್ನ ದೃಷ್ಟಿಯಲ್ಲಿ ತಪ್ಪು. ನಮ್ಮ ಮಾತಿನಲ್ಲಿ ಅಕ್ಷರಗಳು ಹೆಚ್ಚು, ಬಹುಪಾಲು ಪದಗಳು ಸ್ವರದಲ್ಲೇ ಮುಗಿಯುತ್ತವೆ. ಪ್ರತಿಯೊಂದಕ್ಕೂ ಬಾಯಿ ಬಿಟ್ಟರೆ ಗೊಂಬೆ ನೀರಿನಿಂದ ಹೊರಬಿದ್ದ ಮೀನಿನಂತೆ ಬಾಯಿ ಬಡಿಯುತ್ತದೆ. ‘ಹೋಗಿಬರ್ತೀನಿ’ ಎನ್ನುವಾಗ ‘ಹೋ’ ಮತ್ತು ‘ತೀ’ಗಳಲ್ಲಿ ಪೂರ್ತಿ ತೆರೆದು, ಉಳಿದೆಡೆ ಹೆಬ್ಬೆರಳನ್ನು ಅಲ್ಪವೇ ಅಲುಗಿಸಿದರೆ ಸಾಕು. ಪ, ಬ, ಮಗಳಲ್ಲಿ ಮಾತ್ರ ಬಾಯಿ ಮುಚ್ಚಲೇಬೇಕು. ‘ಅಮ್ಮಾ’ ಎಂದು ಕರೆಯುವ ಗೊಂಬೆಯ ತುಟಿ ಒತ್ತಕ್ಷರದ ಮೇಲೆ ಅರೆಕ್ಷಣ ಕೂಡದಿದ್ದರೆ ಮಗುವೂ ಅದನ್ನು ನಂಬುವುದಿಲ್ಲ.

ಇನ್ನೊಂದು ಕಷ್ಟ ಪರದೆಯದು. ಗೊಂಬೆಯಾಟಕ್ಕೆ ಸಾಮಾನ್ಯವಾಗಿ ಇರುತ್ತಿದ್ದ ಪುಟ್ಟ ವೇದಿಕೆಯನ್ನೇ ತೆಗೆದುಹಾಕಿ ಟಿವಿಯ ಚೌಕಟ್ಟನ್ನೇ ವೇದಿಕೆ ಮಾಡಿದ ಹೆನ್ಸನ್, ಆಡಿಸುವವರು ಕೆಳಗೆ ಕುಳಿತು, ಕ್ಯಾಮೆರಾ ಕಾಣುವುದನ್ನೇ ಮಾನಿಟರಿನಲ್ಲಿ ನೋಡುತ್ತ ಆಡಿಸುವ ಪದ್ಧತಿಯನ್ನು ಬೆಳೆಸಿದರು. ಮಾನಿಟರು ಕನ್ನಡಿಯಲ್ಲ, ನಾವು ಬಲಕ್ಕೆ ಸರಿದರೆ ಗೊಂಬೆ ಪರದೆಯಲ್ಲಿ ಎಡಕ್ಕೆ ಸರಿಯುತ್ತದೆ. ಮೊಬೈಲಿನ ಚಿತ್ರವನ್ನು ಲ್ಯಾಪ್‌ಟಾಪಿಗೆ ಕೊಟ್ಟು ಅಭ್ಯಾಸ ಮಾಡುವವರು ಸೆಲ್ಫಿ ಕ್ಯಾಮೆರಾದ ಕನ್ನಡಿಯಂಥ ಚಿತ್ರವನ್ನು ಮೊದಲೇ ಆಫ್ ಮಾಡಿಬಿಡುವುದು ಒಳ್ಳೆಯದು.

ನಮ್ಮ ಸೂತ್ರ ಸಲಾಕೆ ಗೊಂಬೆಯಾಟದ ಕಲಾವಿದರು ತಲೆಗೆ ಕಟ್ಟಿದ ಸಿಂಬಿಯಿಂದ ದಾರಗಳನ್ನು ಇಳಿಬಿಟ್ಟು, ಗೊಂಬೆಯ ಕೈಗಳನ್ನು ಸಲಾಕೆಗಳಿಂದ ಆಡಿಸುತ್ತಾರೆ. ಗೊಂಬೆಯ ಭಾರವನ್ನು ಅವರ ಕತ್ತು ಹೊರುತ್ತದೆ. ಬಾಯಿಗೊಂಬೆಯ ಭಾರವೆಲ್ಲ ತೋಳಿನದು. ತಲೆಯ ಮೇಲಕ್ಕೆ ಎತ್ತಿ ಹಿಡಿದ ಬಲಗೈ ಬಲುಬೇಗ ಸೋತು ಗೊಂಬೆ ಮೆಲ್ಲನೆ ಕುಸಿಯತೊಡಗುತ್ತದೆ, ಆದ್ದರಿಂದ ಸಂಭಾಷಣೆಗಳನ್ನು ತುಂಡುತುಂಡಾಗಿಯೇ ಬರೆದುಕೊಂಡಿದ್ದೇನೆ.

ಈಗ ಹೊಲಿಯುತ್ತಿರುವುದು ಮಕ್ಕಳ ಟಿವಿ ಕಾರ್ಯಕ್ರಮ ಸೆಸಮಿ ಸ್ಟ್ರೀಟಿನ ಅರ್ನಿ ಎಂಬ ಮಪೆಟ್‌ನ ಮಾದರಿಯ ಗೊಂಬೆ. ಅದರ ತೋಳಿನ ತುದಿಯಲ್ಲಿರುವುದು ಕೈಗವಸು, ಅಂದರೆ ಗ್ಲೌಸು. ಒಬ್ಬರು ಬಾಯಿಯನ್ನೂ ಎಡಗೈಯನ್ನೂ ಆಡಿಸಿದರೆ ಇನ್ನೊಬ್ಬರು ಬಲಗೈಯನ್ನು ನೋಡಿಕೊಳ್ಳಬೇಕು. ಬಲಗೈಗೆ ಗೆಳೆಯರೊಬ್ಬರು ಒಪ್ಪಿದ್ದಾರೆ. ಇಬ್ಬರ ಭುಜಗಳೂ ಒಂದಕ್ಕೊಂದು ತಾಗುವುದರಿಂದ ತೋಳಿನ ಬಟ್ಟೆಯನ್ನು ಇನ್ನಷ್ಟು ಸಡಿಲ ಬಿಡಬೇಕಾಗಿದೆ.