ಅರ್ಧ ಗಂಟೆಯ ಖಾರದ ಸಾಲ್ಸಾ: ಹಂಚಿನ ಮುಂದೆ ನಿಂತು ಕಲಿತದ್ದು

ಮೊದಲ ಸಲ ನಾನು ಸಾಲ್ಸಾ, ಅಂದರೆ ಮೆಕ್ಸಿಕೊದ ಟೊಮೆಟೊ-ಮೆಣಸಿನಕಾಯಿ ಚಟ್ನಿ ಮಾಡಿದ ದಿನ ಅಡುಗೆಮನೆಯಲ್ಲಿ ಯಾರೂ ನಿಲ್ಲುವಂತಿರಲಿಲ್ಲ. ಒಣ ಮೆಣಸಿನಕಾಯಿಯನ್ನು ಕಾದ ಹಂಚಿಗೆ ಹಾಕಿ, ಟೊಮೆಟೊ ತೊಳೆಯಲೆಂದು ತಿರುಗಿದ್ದೆ. ಒಂದು ನಿಮಿಷ ಕಳೆಯುವ ಮೊದಲೇ ಘಾಟು ಮೂಗಿಗೆ ಹೊಡೆಯಿತು. ಮೆಣಸಿನಕಾಯಿ ಸೀದು ಕಪ್ಪಾಗಿತ್ತು. ಎಸೆಯಲು ಮನಸ್ಸಾಗದೆ ಅದನ್ನೇ ಅರೆದು, ಹಸಿ ಟೊಮೆಟೊ ಸೇರಿಸಿ ಬಟ್ಟಲಿಗೆ ಹಾಕಿದೆ. ಪಲ್ಯ ತುಂಬಿ ಮಡಿಸಿದ ರೊಟ್ಟಿಯಾದ ಟಾಕೊ ಮೇಲೆ ಒಂದು ಚಮಚ ಹಾಕಿಕೊಂಡು ತಿಂದ ಮಗ, "ಅಮ್ಮಾ, ಇದರಲ್ಲಿ ಖಾರ ಇದೆ, ಕಹಿ ಇದೆ. ಟೊಮೆಟೊ ಎಲ್ಲಿದೆ?" ಎಂದು ಕೇಳಿದ. ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಈಗ ನಾನು ಮಾಡುವ ಸಾಲ್ಸಾದ ಪ್ರತಿ ಹೆಜ್ಜೆಯೂ ಅದಕ್ಕೆ ಉತ್ತರ ಹುಡುಕುತ್ತಾ ಬಂದದ್ದು.

ಬಾಟಲಿಯಲ್ಲಿ ಸಿಗುವುದನ್ನು ಬಿಟ್ಟು ಮನೆಯಲ್ಲೇ ಮಾಡಬೇಕು ಎಂದು ನಾನು ಹಟ ಹಿಡಿದದ್ದಕ್ಕೆ ಕಾರಣವಿದೆ. ತಿಂಗಳುಗಟ್ಟಲೆ ಕೆಡದಿರಲೆಂದು ಕುದಿಸಿ, ವಿನೆಗರ್ ಬೆರೆಸಿ ಮುಚ್ಚಿದ ಸಾಸಿನಲ್ಲಿ ಸುಟ್ಟ ಟೊಮೆಟೊದ ಪರಿಮಳ ಉಳಿಯುವುದಿಲ್ಲ. ಆ ಪರಿಮಳವೇ ಮೆಕ್ಸಿಕೊದ ಸಾಲ್ಸಾದ ಜೀವ. ಅಲ್ಲಿನ ಮನೆಗಳಲ್ಲಿ ಕೊಮಾಲ್ ಎಂಬ ಚಪ್ಪಟೆ ಹಂಚಿದೆ. ಟೊಮೆಟೊ, ಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಅದರ ಮೇಲೆ ಎಣ್ಣೆಯಿಲ್ಲದೆ ಸುಡುತ್ತಾರೆ. ಆಮೇಲೆ ಮೊಲ್ಕಹೇತೆ ಎಂಬ ಮೂರು ಕಾಲಿನ ಕಪ್ಪುಶಿಲೆಯ ಒರಳಿನಲ್ಲಿ ಅರೆಯುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ಸ್ಪ್ಯಾನಿಷರ ಜೊತೆ ಬಂದವಾದರೂ, ಸುಟ್ಟು ಅರೆಯುವ ಈ ಪದ್ಧತಿ ಅವರು ಅಲ್ಲಿಗೆ ಕಾಲಿಡುವುದಕ್ಕಿಂತ ಹಳೆಯದು. 1529ರಲ್ಲಿ ಅಲ್ಲಿಗೆ ಹೋದ ಪಾದ್ರಿ ಬರ್ನಾರ್ಡಿನೊ ದೆ ಸಾಹಗುನ್, ಮಾರುಕಟ್ಟೆಯಲ್ಲಿ ಮೆಣಸಿನಕಾಯಿ, ಟೊಮೆಟೊ, ಕುಂಬಳದ ಬೀಜಗಳ ಸಾಸ್ ಮಾರುತ್ತಿದ್ದವರ ಬಗ್ಗೆ ವಿವರವಾಗಿ ಬರೆಸಿಟ್ಟಿದ್ದಾರೆ. ಚಿಲಿ, ಟೊಮೆಟೊ ಎಂದು ಜಗತ್ತೆಲ್ಲ ಹೇಳುವ ಪದಗಳೇ ಅಲ್ಲಿನ ನಹುವಾಟಲ್ ಭಾಷೆಯಿಂದ ಬಂದವು. ಇಷ್ಟು ಹಳೆಯ ಅಡುಗೆಗೆ ಹಂಚು, ಕಲ್ಲು, ಉಪ್ಪು ಸಾಕಾಗಿತ್ತು ಎಂಬುದು ಗೊತ್ತಾದ ಮೇಲೆ ನನ್ನ ಪಟ್ಟಿಯಿಂದ ಸಕ್ಕರೆ, ಟೊಮೆಟೊ ಪೇಸ್ಟ್, ಮೆಣಸಿನ ಪುಡಿ ಒಂದೊಂದಾಗಿ ಬಿದ್ದುಹೋದವು.

ನನ್ನ ಅಳತೆ ಇದು. ಚೆನ್ನಾಗಿ ಹಣ್ಣಾದ ಟೊಮೆಟೊ ನಾಲ್ಕು, ಸುಮಾರು 400 ಗ್ರಾಂ. ಉದ್ದನೆಯ, ತಿರುಳು ಹೆಚ್ಚಿರುವ ಜಾತಿಯಾದರೆ ನೀರು ಕಡಿಮೆ. ಚಿಲೆ ದೆ ಆರ್ಬೋಲ್ ಎಂಬ ಸಣ್ಣ, ತೆಳು ಒಣ ಮೆಣಸಿನಕಾಯಿ ಆರು. ಗ್ವಾಹಿಯೊ ಎಂಬ ಉದ್ದನೆಯ, ಗಾಢ ಕೆಂಪು ಮೆಣಸಿನಕಾಯಿ ಎರಡು. ಸಿಪ್ಪೆ ಸಹಿತ ಬೆಳ್ಳುಳ್ಳಿ ಮೂರು ಎಸಳು, ಬೆರಳು ದಪ್ಪದ ಈರುಳ್ಳಿ ಬಿಲ್ಲೆ ಒಂದು, ಉಪ್ಪು ಮುಕ್ಕಾಲು ಟೀ ಚಮಚ, ಕೊನೆಗೆ ಹಿಂಡಲು ಅರ್ಧ ನಿಂಬೆಹಣ್ಣು. ಇಷ್ಟರಿಂದ ಒಂದೂವರೆ ಕಪ್‌ನಷ್ಟು ಸಾಲ್ಸಾ ಆಗುತ್ತದೆ; ನಾಲ್ಕು ಜನರ ಊಟಕ್ಕೆ ಸಾಕು.

ಎರಡು ಬಗೆಯ ಮೆಣಸಿನಕಾಯಿ ಏಕೆ ಎಂದು ಕೇಳಬಹುದು. ಖಾರವನ್ನು ಅಳೆಯುವ ಸ್ಕೋವಿಲ್ ಮಾಪನದಲ್ಲಿ ಆರ್ಬೋಲ್ 15,000ರಿಂದ 30,000ದವರೆಗೆ ಇರುತ್ತದೆ. ಗ್ವಾಹಿಯೊ 2,500ರಿಂದ 5,000 ಮಾತ್ರ. ಆರ್ಬೋಲ್ ಒಂದನ್ನೇ ಹಾಕಿದಾಗ ನಾಲಿಗೆಗೆ ಚುಚ್ಚುವ ಖಾರ ಬಂತು, ಬಣ್ಣ ಬರಲಿಲ್ಲ, ಮೈ ಬರಲಿಲ್ಲ. ಗ್ವಾಹಿಯೊ ಒಂದನ್ನೇ ಹಾಕಿದಾಗ ಚೆಂದದ ಕೆಂಪು, ಒಣಹಣ್ಣಿನಂಥ ಹುಳಿಮಿಶ್ರಿತ ಸಿಹಿ ಬಂತು, ಆದರೆ ಬೀನ್ಸ್ ಮತ್ತು ಚೀಸ್ ತುಂಬಿದ ಬುರಿಟೊ ಎಂಬ ರೊಟ್ಟಿ ಸುರುಳಿಯ ಒಳಗೆ ಅದು ಮುಳುಗಿಹೋಯಿತು. ಎರಡನ್ನೂ ಸೇರಿಸಿದ ದಿನ ನನಗೆ ಬೇಕಾದದ್ದು ಸಿಕ್ಕಿತು. ನಿಮಗೆ ಇವೆರಡೂ ಸಿಗದಿದ್ದರೆ, ಕಡ್ಡಿಯಂತೆ ತೆಳುವಾಗಿ ಬಹಳ ಖಾರವಿರುವ ಒಂದು ಬಗೆ, ಅಗಲವಾಗಿ ಬಣ್ಣ ಕೊಡುವ ಇನ್ನೊಂದು ಬಗೆ ಎಂದು ಹುಡುಕಿ. ಜೋಡಿ ಮುಖ್ಯ, ಹೆಸರಲ್ಲ.

ಈಗ ಹಂಚಿನ ಕೆಲಸ. ಇಲ್ಲಿ ನಾನು ಅವಸರ ಮಾಡುವುದಿಲ್ಲ, ಏಕೆಂದರೆ ಸಾಲ್ಸಾ ಕೆಡುವುದೂ ಉಳಿಯುವುದೂ ಇಲ್ಲಿಯೇ.

ದಪ್ಪ ತಳದ ಹಂಚನ್ನು ಮಧ್ಯಮ ಉರಿಯಲ್ಲಿ ಕಾಯಿಸುತ್ತೇನೆ. ಮೊದಲು ಮೆಣಸಿನಕಾಯಿ. ಹಂಚು ತೀರಾ ಕಾಯುವ ಮೊದಲೇ ಇದು ಮುಗಿಯಬೇಕು. ಟೊಮೆಟೊ ಸುಡಲು ಬೇಕಾದ ಬಿಸಿ ಮೆಣಸಿನಕಾಯಿಗೆ ವಿಪರೀತ. ತೊಟ್ಟು ತೆಗೆದು, ಗ್ವಾಹಿಯೊವನ್ನು ಸೀಳಿ ಬೀಜ ಉದುರಿಸಿ ಹಂಚಿನ ಮೇಲೆ ಹರಡಿ ಇಕ್ಕಳದಿಂದ ಒತ್ತುತ್ತೇನೆ. ಒಂದು ಬದಿಗೆ ಹತ್ತರಿಂದ ಹದಿನೈದು ಸೆಕೆಂಡು, ಅಷ್ಟೆ. ಒಳಮೈಯ ಬಣ್ಣ ತುಸು ತಿಳಿಯಾಗಿ, ಘಮ ಏಳುತ್ತಿದ್ದಂತೆ ತೆಗೆಯಬೇಕು. ಆರ್ಬೋಲ್ ಅನ್ನು ಕೈಬಿಡದೆ ಆಡಿಸುತ್ತಾ ಅರ್ಧ ನಿಮಿಷ ಹುರಿಯುತ್ತೇನೆ. ಅಲ್ಲಲ್ಲಿ ಕಂದು ಚುಕ್ಕೆ ಬಂದರೆ ಹದ. ಘಮ ಇರುವವರೆಗೆ ಮೆಣಸಿನಕಾಯಿ ಹಂಚಿನ ಮೇಲಿರಲಿ, ಘಾಟು ಶುರುವಾದರೆ ಹೊತ್ತು ಮೀರಿದೆ ಎಂದು ಅರ್ಥ. ಸೀದದ್ದನ್ನು ಈಗ ನಾನು ಮರುಮಾತಿಲ್ಲದೆ ಎಸೆಯುತ್ತೇನೆ. ಒಂದೇ ಒಂದು ಕಪ್ಪಾದ ಮೆಣಸಿನಕಾಯಿ ಇಡೀ ಬಟ್ಟಲನ್ನು ಕಹಿ ಮಾಡುತ್ತದೆ, ಆ ಕಹಿಯನ್ನು ನಿಂಬೆಯೂ ಮುಚ್ಚುವುದಿಲ್ಲ, ಉಪ್ಪೂ ಮುಚ್ಚುವುದಿಲ್ಲ. ಹುರಿದದ್ದನ್ನು ಅರ್ಧ ಕಪ್ ಬಿಸಿನೀರಿನಲ್ಲಿ ಮುಳುಗಿಸಿಟ್ಟರೆ ಉಳಿದ ಕೆಲಸ ಮುಗಿಯುವಷ್ಟರಲ್ಲಿ ಮೆತ್ತಗಾಗುತ್ತದೆ.

ಟೊಮೆಟೊ ಇದಕ್ಕೆ ತದ್ವಿರುದ್ಧ. ಅದು ಕಪ್ಪಾಗಬೇಕು. ಉರಿ ಹೆಚ್ಚಿಸಿ, ಇಡೀ ಟೊಮೆಟೊ, ಬೆಳ್ಳುಳ್ಳಿ, ಈರುಳ್ಳಿಗಳನ್ನು ಒಟ್ಟಿಗೆ ಹಂಚಿಗೆ ಹಾಕುತ್ತೇನೆ. ಮೊದಮೊದಲು ಟೊಮೆಟೊ ಅಂಟಿಕೊಂಡಾಗ ಗಾಬರಿಯಿಂದ ಕೆರೆಯುತ್ತಿದ್ದೆ, ಸಿಪ್ಪೆ ಹರಿದು ರಸ ಸುರಿಯುತ್ತಿತ್ತು. ಮುಟ್ಟದೆ ಮೂರು ನಿಮಿಷ ಬಿಟ್ಟರೆ ಅದು ತಾನಾಗಿಯೇ ಬಿಡುತ್ತದೆ. ನಾಲ್ಕು ಮಗ್ಗುಲಿಗೂ ತಿರುಗಿಸಲು ಹತ್ತರಿಂದ ಹನ್ನೆರಡು ನಿಮಿಷ. ಸಿಪ್ಪೆ ಬಿರಿದು, ಕಪ್ಪು ಕಲೆಗಳು ಮೂಡಿ, ಹಣ್ಣು ಕುಸಿಯುವಂತಾದಾಗ ತೆಗೆಯುತ್ತೇನೆ. ಇಷ್ಟು ಹೊತ್ತಿನಲ್ಲಿ ಅದರ ನೀರು ಒಂದಷ್ಟು ಆರಿ, ಒಳಗಿನ ಸಿಹಿ ಒತ್ತಾಗುತ್ತದೆ. ಮಗ ಕೇಳಿದ ಟೊಮೆಟೊ ಇಲ್ಲಿದೆ. ಬೆಳ್ಳುಳ್ಳಿ ಸಿಪ್ಪೆಯೊಳಗೇ ಬೆಂದು ಮೆದುವಾಗುತ್ತದೆ. ಸಿಪ್ಪೆ ಸುಲಿದು ಹಾಕಿದರೆ ಸೀಯುತ್ತದೆ, ಹಾಗಾಗಿ ಸುಲಿಯುವುದು ಆಮೇಲೆ. ಟೊಮೆಟೊದ ಸುಟ್ಟ ಸಿಪ್ಪೆಯನ್ನು ನಾನು ತೆಗೆಯುವುದಿಲ್ಲ. ಕಲ್ಲಿದ್ದಲಿನಂತೆ ಗಟ್ಟಿಯಾದ ತುಣುಕುಗಳಿದ್ದರೆ ಅವನ್ನಷ್ಟೇ ಕಿತ್ತುಹಾಕುತ್ತೇನೆ.

ಅರೆಯುವಾಗ ಕ್ರಮ ತಪ್ಪಬಾರದು. ಎಲ್ಲವನ್ನೂ ಒಟ್ಟಿಗೆ ಮಿಕ್ಸಿಗೆ ಸುರಿದು ತಿರುಗಿಸಿದಾಗ ನನಗೆ ಸಿಕ್ಕಿದ್ದು ತಿಳಿ ಕಿತ್ತಳೆ ಬಣ್ಣದ, ನೊರೆನೊರೆಯಾದ ಪಾನಕ. ಅದರ ನಡುವೆ ಗ್ವಾಹಿಯೊದ ಗಟ್ಟಿ ಸಿಪ್ಪೆಯ ಚೂರುಗಳು ಹಾಗೆಯೇ ತೇಲುತ್ತಿದ್ದವು. ನೊರೆಗೆ ಕಾರಣ ಗಾಳಿ: ಟೊಮೆಟೊ ಹೆಚ್ಚು ತಿರುಗಿದಷ್ಟೂ ಗಾಳಿ ಸೇರಿ ಬಣ್ಣ ಮಾಸುತ್ತದೆ. ಈಗ ಮೊದಲು ನೆನೆದ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಎರಡು ಚಮಚ ನೀರು ಹಾಕಿ ನುಣ್ಣಗೆ ಅರೆಯುತ್ತೇನೆ. ಆಮೇಲೆ ಟೊಮೆಟೊ ಹಾಕಿ, ಗುಂಡಿಯನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ನಾಲ್ಕೈದು ಸಲವಷ್ಟೇ. ತರಿತರಿಯಾಗಿರಬೇಕು. ಈರುಳ್ಳಿಯನ್ನು ಮಿಕ್ಸಿಗೆ ಹಾಕದೆ ಚಾಕುವಿನಿಂದ ಸಣ್ಣಗೆ ಹೆಚ್ಚಿ ಬೆರೆಸುತ್ತೇನೆ, ಅರೆದ ಈರುಳ್ಳಿಯ ಒಗರು ನನಗೆ ಹಿಡಿಸುವುದಿಲ್ಲ. ನೆನೆಸಿದ ನೀರನ್ನು ಬಳಸುವ ಮೊದಲು ನಾಲಿಗೆಗೆ ಒಂದು ಹನಿ ಹಚ್ಚಿ ನೋಡಿ. ಕಹಿಯಿದ್ದರೆ ಚೆಲ್ಲಿ, ಶುದ್ಧ ನೀರು ಹಾಕಿ. ಇನ್ನೊಂದು ಮಾತು: ಹಂಚಿನಿಂದ ತೆಗೆದ ಟೊಮೆಟೊವನ್ನು ಬಿಸಿಬಿಸಿಯಾಗಿ ಮಿಕ್ಸಿಗೆ ಹಾಕಿ ಮುಚ್ಚಬಾರದು. ಆವಿಯ ಒತ್ತಡಕ್ಕೆ ಮುಚ್ಚಳ ಹಾರುತ್ತದೆ, ಒಳಗಿರುವುದು ಖಾರದ ರಸ. ಹತ್ತು ನಿಮಿಷ ಆರಲು ಬಿಡಿ.

ರುಚಿ ನೋಡುವುದನ್ನು ನಾನು ಚಮಚದಿಂದ ಮಾಡುವುದನ್ನು ನಿಲ್ಲಿಸಿದ್ದೇನೆ. ಸಾಲ್ಸಾವನ್ನು ಯಾರೂ ಬರಿದಾಗಿ ತಿನ್ನುವುದಿಲ್ಲ. ಅದು ಹೋಗುವುದು ಸಪ್ಪೆಯಾದ ಮೆಕ್ಕೆಜೋಳದ ರೊಟ್ಟಿಯಾದ ಟೋರ್ಟಿಯಾ ಮೇಲೆ, ಬೆಂದ ಬೀನ್ಸ್ ಮೇಲೆ, ಮೊಟ್ಟೆಯ ಮೇಲೆ. ಟೋರ್ಟಿಯಾದ ಚೂರನ್ನು ಅದ್ದಿ ನೋಡಿದರೆ ಉಪ್ಪು ಸಾಲದು ಎಂಬುದು ಗೊತ್ತಾಗುತ್ತದೆ. ಚಮಚದಲ್ಲಿ ಸರಿಯೆನಿಸಿದ ಉಪ್ಪು ಟಾಕೊದಲ್ಲಿ ಯಾವಾಗಲೂ ಕಡಿಮೆಯೇ. ಹುಳಿಯನ್ನು ಕೊನೆಗೆ, ಒಂದು ಟೀ ಚಮಚ ನಿಂಬೆರಸದಿಂದ ಶುರುಮಾಡಿ ಏರಿಸುತ್ತೇನೆ. ಖಾರದ ತೀರ್ಮಾನವನ್ನು ಮಾತ್ರ ಸಾಲ್ಸಾ ಪೂರ್ತಿ ಆರಿದ ಮೇಲೆ ಮಾಡಬೇಕು. ಬಿಸಿಯನ್ನು ಗುರುತಿಸುವ ನರದ ದ್ವಾರವೇ ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್‌ಗೂ ತೆರೆದುಕೊಳ್ಳುತ್ತದೆ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಇದನ್ನು ಕಂಡುಹಿಡಿಯಿತು, 2021ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದದ್ದೂ ಈ ಬಗೆಯ ಕೆಲಸಕ್ಕಾಗಿ. ಆದ್ದರಿಂದ ಬಿಸಿಯಾಗಿರುವ ಸಾಲ್ಸಾ ಇರುವುದಕ್ಕಿಂತ ಖಾರವೆನಿಸುತ್ತದೆ. ಇದು ತಿಳಿಯುವ ಮೊದಲು ಎಷ್ಟೋ ಸಲ ಹೆದರಿ ಟೊಮೆಟೊ ಹೆಚ್ಚಿಸಿ, ಊಟದ ಹೊತ್ತಿಗೆ ಸಪ್ಪೆಯಾದ ಸಾಲ್ಸಾ ಬಡಿಸಿದ್ದೇನೆ.

ನಿಜವಾಗಿಯೂ ಖಾರ ಹೆಚ್ಚಾದರೆ ನೀರು ಸುರಿಯಬೇಡಿ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಇನ್ನೊಂದು ಟೊಮೆಟೊ ಸುಟ್ಟು ಸೇರಿಸಿ, ಅಥವಾ ಹಣ್ಣಾದ ಬೆಣ್ಣೆಹಣ್ಣನ್ನು ಹಿಸುಕಿ ಬೆರೆಸಿ. ಕೈ ಉರಿಗೂ ಇದೇ ಮಾತು: ಮೊದಲು ಅಡುಗೆ ಎಣ್ಣೆ ಸವರಿ ಉಜ್ಜಿ, ಆಮೇಲೆ ಸೋಪು ಹಾಕಿ ತೊಳೆಯುತ್ತೇನೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುವವರು ಕೈಗವಸು ಇಲ್ಲದೆ ಮೆಣಸಿನಕಾಯಿ ಮುಟ್ಟಲೇಬಾರದು. ಖಾರವೆಲ್ಲ ಬೀಜದಲ್ಲಿದೆ ಎಂದು ನಾನೂ ನಂಬಿದ್ದೆ. ಅದು ತಯಾರಾಗುವುದು ಬೀಜ ಅಂಟಿಕೊಂಡಿರುವ ಬಿಳಿ ಪೊರೆಯಲ್ಲಿ. ಹಲಪೇನ್ಯೊ ಎಂಬ ದಪ್ಪ ಹಸಿಮೆಣಸಿನಕಾಯಿ ಬಳಸುವಾಗ ಆ ಪೊರೆಯನ್ನು ಕೆರೆದು ತೆಗೆದರೆ ಮಕ್ಕಳೂ ತಿನ್ನಬಹುದಾದ ಸಾಲ್ಸಾ ಸಿಗುತ್ತದೆ.

ಹಂಚು ಕಾಯಿಸುವಷ್ಟೂ ಹೊತ್ತಿಲ್ಲದ ಸಂಜೆಗಳಿಗೆ ಡಬ್ಬಿಯ ಚಿಪೋತ್ಲೆ ಇಟ್ಟುಕೊಂಡಿದ್ದೇನೆ. ಕೆಂಪಗೆ ಹಣ್ಣಾದ ಹಲಪೇನ್ಯೊವನ್ನು ಹೊಗೆಯಲ್ಲಿ ಒಣಗಿಸಿದರೆ ಚಿಪೋತ್ಲೆ. ಅದನ್ನು ವಿನೆಗರ್, ಟೊಮೆಟೊ, ಮಸಾಲೆಗಳ ಆದೋಬೊ ಎಂಬ ರಸದಲ್ಲಿ ಹಾಕಿ ಮಾರುತ್ತಾರೆ. ಎರಡು ಚಿಪೋತ್ಲೆ, ಒಂದು ಚಮಚ ಆ ರಸ, ಡಬ್ಬಿಯ ಟೊಮೆಟೊ 400 ಗ್ರಾಂ, ಒಂದು ಎಸಳು ಬೆಳ್ಳುಳ್ಳಿ, ಉಪ್ಪು. ಐದು ನಿಮಿಷ. ಹೊಗೆಯ ಪರಿಮಳ ಆಗಲೇ ಅದರೊಳಗೆ ಇರುವುದರಿಂದ ಸುಡದ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟರೆ ನನ್ನ ಕೈ ಹೋಗುವುದು ಹಂಚಿನ ಸಾಲ್ಸಾ ಕಡೆಗೇ.

ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟು ಐದು ದಿನದೊಳಗೆ ಮುಗಿಸುತ್ತೇವೆ. ನಿಂಬೆ ಹಿಂಡಿದ್ದೇನೆ, ಹುಳಿಯಾಗಿದೆ ಎಂದು ಹೊರಗಿಡುವುದು ಅಪಾಯ. ಮನೆಯ ಅಳತೆಯಲ್ಲಿ ಹುಳಿ ಎಷ್ಟಿದೆ ಎಂಬುದಕ್ಕೆ ಖಾತರಿಯಿಲ್ಲ, ಬೆಳ್ಳುಳ್ಳಿಯಂಥ ಕಡಿಮೆ ಹುಳಿಯ ಪದಾರ್ಥವಿರುವಾಗ ಬಾಟಲಿಯಲ್ಲಿ ಗಾಳಿಯಾಡದಂತೆ ಮುಚ್ಚಿ ಹೊರಗಿಟ್ಟರೆ ಬೊಟುಲಿಸಂನಂಥ ವಿಷಬಾಧೆಗೆ ದಾರಿಯಾಗುತ್ತದೆ. ಹೆಚ್ಚು ಉಳಿದರೆ ಐಸ್ ಅಚ್ಚಿನಲ್ಲಿ ಹಾಕಿ ಫ್ರೀಜರ್‌ನಲ್ಲಿಡುತ್ತೇನೆ.

ಮಾಡಿದ ಮರುದಿನ ಬೆಳಗ್ಗೆ ಉಳಿದ ಸಾಲ್ಸಾಕ್ಕೆ ನನ್ನ ಮನೆಯಲ್ಲಿ ಒಂದೇ ದಾರಿ. ಬಾಣಲೆಯಲ್ಲಿ ಒಂದು ದೊಡ್ಡ ಚಮಚ ಎಣ್ಣೆ ಚೆನ್ನಾಗಿ ಕಾಯಿಸಿ, ಸಾಲ್ಸಾವನ್ನು ಒಮ್ಮೆಗೇ ಸುರಿಯುತ್ತೇನೆ. ಚುರ್ರೆಂದು ಸಿಡಿದು, ಐದು ನಿಮಿಷದಲ್ಲಿ ಬಣ್ಣ ಗಾಢವಾಗಿ, ಮೆಣಸಿನಕಾಯಿಯ ಕೆಂಪು ಎಣ್ಣೆಗೆ ಇಳಿದು ಅಂಚಿನಲ್ಲಿ ಹೊಳೆಯುತ್ತದೆ. ಹಿಂದಿನ ರಾತ್ರಿಯ ಟೋರ್ಟಿಯಾಗಳನ್ನು ತ್ರಿಕೋನವಾಗಿ ಕತ್ತರಿಸಿ ಗರಿಗರಿಯಾಗಿ ಕರಿದು ಅದರಲ್ಲಿ ಹೊರಳಿಸಿದರೆ ಚಿಲಾಕಿಲೆಸ್. ಮೇಲೊಂದು ಮೊಟ್ಟೆ, ಒಂದಿಷ್ಟು ಪುಡಿ ಮಾಡಿದ ಚೀಸ್. ಮಗ ಈಗ ತಟ್ಟೆ ಹಿಡಿದು ಒಲೆಯ ಪಕ್ಕದಲ್ಲೇ ನಿಲ್ಲುತ್ತಾನೆ, ಏಕೆಂದರೆ ಎರಡು ನಿಮಿಷ ತಡವಾದರೂ ಟೋರ್ಟಿಯಾ ಮೆತ್ತಗಾಗಿಬಿಡುತ್ತದೆ.